ಮೂವತ್ತನೆಯ ಮಾಳಗಿಯ ಮೇಲೆ ಆತ್ಯಾ

ನಮ್ಮ ಆತ್ಯಾ ಅವರಿಗೂ ಸೂರ್ಯನಿಗೂ ಐವತ್ತು ವರ್ಷಗಳಿಂದ ಜಿದ್ದು. ದಿನಾ ಸಂಜೆ ಇಬ್ಬರಿಗೂ ಓಟದ ಪಂದ್ಯ. ಸೂರ್ಯ ಮುಳುಗುವುದರೊಳಗೆ ಆತ್ಯಾ ಉಂಡು ಕೈ ತೊಳೆಯಬೇಕು. ಆತ್ಯಾ ಕೈ ತೊಳೆಯುವುದರೊಳಗೆ ಸೂರ್ಯ ಮುಳುಗಬೇಕು. ಇಷ್ಟು ವರ್ಷಗಳಲ್ಲಿ ಸೂರ್ಯ ಗೆದ್ದದ್ದು ಒಂದೇ ಒಂದು ಸಲ. ಅದೂ ನಮ್ಮ ಕಡೆಯಲ್ಲಲ್ಲ, ಪೋಲೆಂಡ್ ದೇಶದ ವಾರ್ಸಾ ನಗರದಲ್ಲಿ, ಮೂವತ್ತನೆಯ ಮಹಡಿಯ ಮೇಲೆ! ನಂಬುವುದಿಲ್ಲವೇ? ನಮ್ಮ ಊರಿನವರೂ ನಂಬಿಲ್ಲ.

ಆತ್ಯಾ ಎಂದರೆ ನಮ್ಮ ಯಜಮಾನರ ತಂದೆಯ ಅಕ್ಕ. ಹುಕ್ಕೇರಿಗೆ ಕೊಟ್ಟಿದ್ದರು. ಗಂಡ ಬೇಗ ತೀರಿಕೊಂಡ ಮೇಲೆ ಕಲ್ಲೋಳಿಯ ತವರಿಗೆ ಮರಳಿ, ತಾಯಿಯಿಲ್ಲದ ನಮ್ಮ ಯಜಮಾನರನ್ನು ಸಾಕಿ ದೊಡ್ಡವರನ್ನಾಗಿ ಮಾಡಿದವರು. ನಾವು ಜೈನರು, ಹೊತ್ತು ಮುಳುಗಿದ ಮೇಲೆ ಉಣ್ಣಬಾರದೆಂಬುದು ನಮ್ಮ ಹಿರಿಯರ ನೇಮ. ಉಳಿದವರೆಲ್ಲ ಗಡಿಯಾರ ನೋಡಿ ನೇಮ ಪಾಲಿಸುತ್ತಾರೆ. (ನನ್ನಂಥವಳು ಹಸಿವು ನೋಡಿ ಉಣ್ಣುತ್ತಾಳೆ. ಬೆಳಗಾವಿಯ ಕಾನ್ವೆಂಟ್ ಹಾಸ್ಟೆಲಿನಲ್ಲಿ ರಾತ್ರಿ ಎಂಟಕ್ಕೆ ಗಂಟೆ ಬಾರಿಸಿದಾಗ ಸಾಲಾಗಿ ಕೂತು ಉಂಡು ಬೆಳೆದವಳು ನಾನು!) ಆತ್ಯಾ ಮಾತ್ರ ಗಡಿಯಾರವನ್ನು ನಂಬುವವರಲ್ಲ.

"ಗಡಿಯಾರಕ್ಕ ಕೀಲಿ ಕೊಡಾವ್ರು ಮನಶ್ಯಾರು. ಸೂರ್ಯಾಗ ಯಾರ ಕೊಡ್ತಾರ?" ಎಂದು ಅವರ ವಾದ. ಕಣ್ಣಿಗೆ ಸೂರ್ಯ ಕಂಡರೆ ಹಗಲು, ಕಾಣದಿದ್ದರೆ ರಾತ್ರಿ. ಅಷ್ಟೇ.

ಈ ವಾದಕ್ಕೆ ಒಂದು ಅನುಕೂಲವಿದೆ ಎಂದು ನನಗೆ ತಿಳಿದದ್ದು ಮದುವೆಯಾದ ಹೊಸದರಲ್ಲಿ. ಕಲ್ಲೋಳಿಯ ಮನೆಯ ಪಡುವಣಕ್ಕೆ ಪಕ್ಕದವರು ಎತ್ತರಕ್ಕೆ ಮೇವಿನ ಬಣವಿ ಒಟ್ಟಿದ್ದರು. ಒಂದು ಸಂಜೆ ಆತ್ಯಾ ಊಟಕ್ಕೆ ಕೂತು ಅರ್ಧವಾಗಿತ್ತು, ಸೂರ್ಯ ಬಣವಿಯ ಹಿಂದೆ ಇಳಿದ. ಬೇರೆಯವರಾಗಿದ್ದರೆ ತಾಟಿನಲ್ಲಿ ಕೈ ತೊಳೆಯುತ್ತಿದ್ದರು. ಆತ್ಯಾ ತಾಟು ಹಿಡಿದುಕೊಂಡು ಎದ್ದರು, ಏಣಿ ಹತ್ತಿದರು, ಮಾಳಗಿಯ ಮೇಲೆ ನಿಂತರು. ಅಲ್ಲಿಂದ ಸೂರ್ಯ ಕಾಣುತ್ತಿದ್ದ! ನಾನು ಕೆಳಗೆ ನಿಂತು ಗಾಬರಿಯಾದೆ.

"ಆತ್ಯಾ, ಬೀಳ್ತೀರಿ, ಇಳೀರಿ!"

"ಇನ್ನ ನಾಕ ತುತ್ತ ಅದಾವ. ನೀ ಏಣಿ ಹಿಡಿ, ಹೊತ್ತ ನಾ ಹಿಡೀತೇನಿ!"

ಹಿಡಿದರು ಕೂಡ. ನಾಲ್ಕು ತುತ್ತು ಮುಗಿಸಿ, ಚೊಂಬಿನಿಂದ ಕೈ ತೊಳೆದು, ಮುಳುಗುತ್ತಿದ್ದ ಸೂರ್ಯನಿಗೆ 'ಆತು, ಇನ್ನ ಹೋಗ' ಎನ್ನುವಂತೆ ಕೈ ಬೀಸಿದರು.

ಇನ್ನೊಮ್ಮೆ ಕೊಲ್ಲಾಪುರದಿಂದ ಬಸ್ಸಿನಲ್ಲಿ ಬರುತ್ತಿದ್ದೆವು. ಕಣಗಲಾ ಹತ್ತಿರ ಬಂದಾಗ ಸೂರ್ಯ ಕಬ್ಬಿನ ಗರಿಗಳಿಗೆ ತಾಗಿದ್ದ. ಆತ್ಯಾ ಎದ್ದು ನಿಂತು, "ಗಾಡಿ ನಿಲ್ಲಸ್ರಿ, ನಾ ಉಣ್ಣಬೇಕ" ಎಂದರು.

ಕಂಡಕ್ಟರ್ ನಕ್ಕ. "ಆಯಿ, ಸಂಕೇಶ್ವರ ಹದಿನೈದ ಮಿನಿಟ್ ಐತ್ರಿ. ಅಲ್ಲೇ ಉಣ್ರಿ."

"ಆ ಹದಿನೈದ ಮಿನಿಟ್ ನೀ ಸೂರ್ಯಾನ ಕಡೆ ಕೇಳಿ ಇಸಗೊಂಡ ಬಾ, ನಾ ಕುಂಡ್ರತೇನಿ."

ಬಸ್ಸು ನಿಂತಿತು! ಆತ್ಯಾ ರಸ್ತೆಯ ಬದಿಯ ಕಲ್ಲಿನ ಮೇಲೆ ಕೂತು ಡಬ್ಬಿ ಬಿಚ್ಚಿದರು. ಗೊಣಗುತ್ತಿದ್ದ ಪ್ರಯಾಣಿಕರಿಗೆಲ್ಲ ಗೋಕಾಕದ ಕರದಂಟು ಹಂಚಿಸಿದರು. ಜನ ಗೊಣಗಲು ಬಾಯಿ ತೆರೆದರೆ ತಾನೇ? ಆ ಡ್ರೈವರ್ ಮುಂದೆ ಎಲ್ಲಿ ಕಂಡರೂ, "ಆಯಿ, ಇವತ್ತ ಉಂಡ್ರೇನ್ರಿ?" ಎಂದು ಕೇಳಿಯೇ ಗೇರು ಹಾಕುತ್ತಿದ್ದ.

ಇಂಥ ಆತ್ಯಾ ವಾರ್ಸಾಕ್ಕೆ ಬಂದದ್ದು ಹೇಗೆ? ಎರಡು ಸಾವಿರದ ಇಸವಿ ದಾಟಿದ ಹೊಸದು. ಗೋಕಾಕದಲ್ಲಿದ್ದ ನಮ್ಮ ಯಜಮಾನರನ್ನು, ನೂಲಿನ ಯಂತ್ರಗಳ ಕೆಲಸಕ್ಕಾಗಿ ಅವರ ಕಂಪನಿ ಎರಡು ವರ್ಷ ಪೋಲೆಂಡಿಗೆ ಕಳಿಸಿತು. ಜೊತೆಗೆ ನಾನೂ ಹೋದೆ. ಅಲ್ಲಿಗೆ ಹೋಗಿ ಮುಟ್ಟಿದ ವಾರವೇ ಯಜಮಾನರು ಕಲ್ಲೋಳಿಗೆ ಒಂದು ಚಿತ್ರದ ಕಾರ್ಡು ಕಳಿಸಿದರು. ವಾರ್ಸಾದ ನಟ್ಟನಡುವೆ ನಿಂತಿರುವ 'ಸಂಸ್ಕೃತಿ ಮತ್ತು ವಿಜ್ಞಾನದ ಅರಮನೆ'ಯ ಚಿತ್ರ. ಕಮ್ಯುನಿಸ್ಟರ ಕಾಲದಲ್ಲಿ ರಷ್ಯಾದವರು ಕಟ್ಟಿಸಿಕೊಟ್ಟ ಗಗನಚುಂಬಿ. ಅಡಿಯಲ್ಲಿ ಅಗಲ, ಮೇಲೆ ಹೋದಂತೆ ಸಣ್ಣದು, ತುದಿಗೆ ಸೂಜಿಯಂಥ ಶಿಖರ.

ಆತ್ಯಾ ಆ ಕಾರ್ಡನ್ನು ದೇವರ ಕೋಣೆಯಲ್ಲಿಟ್ಟು ಅಕ್ಷತೆ ಹಾಕಿದರು! ನಮ್ಮ ಬಸದಿಗಳ ಮುಂದೆ ಮಾನಸ್ತಂಭವೆಂಬ ಎತ್ತರದ ಕಂಬವಿರುತ್ತದೆ. ಇದು ಅದೇ ಎಂದು ಅವರ ತೀರ್ಮಾನ. ಯಜಮಾನರು ಫೋನಿನಲ್ಲಿ ತಿದ್ದಲು ನೋಡಿದರು.

"ಆತ್ಯಾ, ಅದು ಮಾನಸ್ತಂಭ ಅಲ್ಲ. ಒಳಗ ನಾಟಕದ ಥೇಟರ್ ಐತಿ, ಆಫೀಸ ಅದಾವ."

"ತಮ್ಮಾ, ಅಷ್ಟ ಎತ್ತರ ಕಟ್ಟಾವ್ರು ದೇವರ ಹೆಸರಿಲೆ ಅಲ್ದ ಆಫೀಸಿನ ಹೆಸರಿಲೆ ಕಟ್ಟತಾರೇನ? ನಿನಗ ಯಾರೋ ಸುಳ್ಳ ಹೇಳ್ಯಾರ."

ಆ ಅಕ್ಟೋಬರಿನಲ್ಲಿ ನನ್ನ ಮೂರು ತಿಂಗಳ ಬಸಿರು ನಿಲ್ಲಲಿಲ್ಲ. ಊರಿನಲ್ಲಿ ನಾವು ಯಾರಿಗೂ ತಿಳಿಸಲಿಲ್ಲ. ನಾನು ಅಡುಗೆ ಮಾಡುತ್ತಿದ್ದೆ, ಬಡಿಸುತ್ತಿದ್ದೆ. ನನ್ನ ತಾಟಿನದು ಮಾತ್ರ ಮುಗಿಯುತ್ತಿರಲಿಲ್ಲ. ಹಸಿವು ನೋಡಿ ಉಣ್ಣುವವಳಿಗೆ ಹಸಿವೇ ಬಾರದಿದ್ದರೆ ಏನು ಮಾಡಬೇಕು? ನವೆಂಬರಿನಲ್ಲಿ ಆತ್ಯಾರ ಫೋನು ಬಂತು. "ನಾ ಮಾನಸ್ತಂಭ ನೋಡಾಕ ಬರಾಕತ್ತೇನಿ." ಯಜಮಾನರ ಸಹೋದ್ಯೋಗಿಯ ಕುಟುಂಬ ಬರುವುದಿತ್ತು, ಅವರ ಜೊತೆ ಇಲಕಲ್ ಸೀರೆಯ ಮೇಲೆ ಸ್ವೆಟರು, ತಲೆಗೆ ಮಂಕಿ ಟೋಪಿ ತೊಟ್ಟು ಹೊರಟೇಬಿಟ್ಟರು.

ಮುಂಬಯಿಯಿಂದ ಮುಂಜಾನೆಯ ವಿಮಾನ. ಅದು ಪಡುವಣಕ್ಕೆ ಹಾರಿದಂತೆ ಹಗಲೂ ಉದ್ದವಾಗುತ್ತ ಹೋಯಿತು. "ನೋಡವ್ವಾ, ಮೂರ ಸಲ ಉಂಡೆ, ಸೂರ್ಯಾ ಅಲ್ಲೇ ನಿಂತಿದ್ದ!" ಎಂದು ಬಂದವರೇ ಹೆಮ್ಮೆಯಿಂದ ಹೇಳಿದರು. ಹೆಮ್ಮೆ ಮರುದಿನವೇ ಇಳಿಯಿತು. ಡಿಸೆಂಬರಿನಲ್ಲಿ ವಾರ್ಸಾದ ಸೂರ್ಯ ಮಧ್ಯಾಹ್ನ ಮೂರೂವರೆಗೆ ಮುಳುಗುತ್ತಾನೆ! ಮತ್ತೆ ಹುಟ್ಟುವುದು ಬೆಳಿಗ್ಗೆ ಏಳೂವರೆ ದಾಟಿದ ಮೇಲೆ. ಒಂದು ಊಟ ತಪ್ಪಿದರೆ ಹದಿನಾರು ತಾಸು ಉಪವಾಸ. ಆತ್ಯಾ ಕಿಟಕಿಯಲ್ಲಿ ನಿಂತು ಸೂರ್ಯನನ್ನು ಬೈದರು: "ಸರಕಾರಿ ನೌಕರ ಇದ್ದಂಗ ಅದಾನಲ್ಲ ಇಂವಾ. ಬರೂದ ತಡಾ, ಹೋಗೂದ ಲಗೂ!"

ಇನ್ನು ಊಟದ್ದೊಂದು ಕಥೆ. ಆತ್ಯಾ ನೆಲದೊಳಗೆ ಬೆಳೆಯುವ ಗಡ್ಡೆ ತಿನ್ನುವುದಿಲ್ಲ. ಅಲ್ಲಿಯ ಸಂತೆಯಲ್ಲಿ ಬಟಾಟೆ, ಗಜ್ಜರಿ, ಬೀಟ್‌ರೂಟ್, ಮೂಲಂಗಿ, ಉಳ್ಳಾಗಡ್ಡಿ. "ಈ ದೇಶದಾಗ ಎಲ್ಲಾ ಹುಗದ ಇಟ್ಟಾರಲ್ಲ!" ಎಂದರು. ನಾನು ಸುಮ್ಮನಿರಲಾರದೆ, "ಶೇಂಗಾನೂ ನೆಲದಾಗ ಬೆಳೀತಾವಲ್ರಿ, ಆತ್ಯಾ?" ಎಂದೆ. "ಅದು ಬೀಜ, ಗಡ್ಡಿ ಅಲ್ಲ. ಅಷ್ಟ ರೊಕ್ಕಾ ತಗೊಂಡ ಕಾನ್ವೆಂಟಿನ್ಯಾಗ ಇದನ್ನೂ ಕಲಿಸಲಿಲ್ಲೇನ?"

ಎಂಟು ದಿನ ಮೋಡ. ಮೋಡದ ದಿನ ಸೂರ್ಯನನ್ನು ನಂಬಲಾಗದೆಂದು ಆತ್ಯಾ ಎರಡು ಗಂಟೆಗೇ ಊಟ ಮುಗಿಸುತ್ತಿದ್ದರು. ಒಂಬತ್ತನೆಯ ದಿನ ಬಿಸಿಲು ಬಿದ್ದಿತು. "ಇವತ್ತ ಮಾನಸ್ತಂಭ" ಎಂದರು. ದರ್ಶನದ ಮೊದಲು ಉಣ್ಣುವುದಿಲ್ಲವೆಂದು ಬೆಳಿಗ್ಗೆ ಹಾಲನ್ನಷ್ಟೇ ಕುಡಿದರು. ನಾನು ಡಬ್ಬಿಗೆ ಚಪಾತಿ, ಹೆಸರುಕಾಳಿನ ಪಲ್ಯ, ಶೇಂಗಾ ಚಟ್ನಿ ತುಂಬಿದೆ. ಒಂದು ಗಂಟೆಗೆ ಗೋಪುರ ಏರುವುದು, ಎರಡಕ್ಕೆ ಮನೆಗೆ ಬಂದು ಉಣ್ಣುವುದು, ಡಬ್ಬಿ ಇರಲಿ ಆಪತ್ಕಾಲಕ್ಕೆ. ಇದು ಯಜಮಾನರ ಲೆಕ್ಕಾಚಾರ.

ಟ್ರಾಮಿನಿಂದ ಇಳಿದು ಆತ್ಯಾ ತಲೆಯೆತ್ತಿ ನೋಡಿದರು. ಮಂಕಿ ಟೋಪಿ ಹಿಂದಕ್ಕೆ ಜಾರಿ ಬಿತ್ತು.

"ಗೋಕಾಕ ಫಾಲ್ಸ್ ನಾಕ ಒಂದರ ಮ್ಯಾಲೊಂದ ಇಟ್ರೂ ಇದರ ತುದಿ ಮುಟ್ಟಾಂಗಿಲ್ಲ, ಆತ್ಯಾ" ಎಂದರು ಯಜಮಾನರು.

ಆತ್ಯಾ ಕೈ ಮುಗಿದು ಕಟ್ಟಡವನ್ನು ಬಲಕ್ಕಿಟ್ಟುಕೊಂಡು ನಡೆಯತೊಡಗಿದರು. "ಬಾಗಲಾ ಈ ಕಡೆ ಐತಿ!" ಎಂದು ನಾವು ಕೂಗಿದರೆ, "ಮೊದಲ ಮೂರ ಪ್ರದಕ್ಷಿಣಿ" ಎಂದರು!

ಆ ಕಟ್ಟಡದ ಬುಡ ಎಷ್ಟು ದೊಡ್ಡದೆಂದು ಯಾರಾದರೂ ಬಲ್ಲಿರಾ? ಥಿಯೇಟರು, ಮ್ಯೂಸಿಯಂ, ಸಭಾಭವನ ಎಲ್ಲ ಸೇರಿ ನಮ್ಮ ಒಂದು ಓಣಿಯಷ್ಟಿದೆ. ಮಂಜು ಹೆಪ್ಪುಗಟ್ಟಿದ ನೆಲದ ಮೇಲೆ ಆತ್ಯಾ ಮುಂದೆ, ಅವರು ಜಾರದಂತೆ ಯಜಮಾನರು ಪಕ್ಕದಲ್ಲಿ, ಡಬ್ಬಿ ಹಿಡಿದು ನಾನು ಹಿಂದೆ. ಕಾವಲುಗಾರನೊಬ್ಬ ಮೊದಲ ಸುತ್ತಿಗೆ ನಮ್ಮನ್ನು ಅನುಮಾನದಿಂದ ನೋಡಿದ. ಎರಡನೆಯ ಸುತ್ತಿಗೆ ಟೋಪಿ ತೆಗೆದು ನಮಸ್ಕರಿಸಿದ.

ನಡೆಯುತ್ತ ಯಜಮಾನರು ಕಟ್ಟಡದ ಚರಿತ್ರೆ ಹೇಳಿದರು. ರಷ್ಯಾದ ದೊಡ್ಡ ನಾಯಕ ಕಾಣಿಕೆಯಾಗಿ ಕೊಟ್ಟದ್ದು, ಇಲ್ಲಿಯ ಬಹಳ ಜನರಿಗೆ ಅದು ಹಿಡಿಸಿಲ್ಲ, ಆದರೆ ಕೆಡವಲೂ ಆಗುವುದಿಲ್ಲ.

"ಹಂಗಂದ್ರ ಬೀಗರ ಆಯೇರಿ" ಎಂದರು ಆತ್ಯಾ ತಕ್ಷಣ. "ನನ್ನ ಮದವ್ಯಾಗ ಒಂದ ಹಂಡೆ ಕೊಟ್ಟಿದ್ರ ನೋಡ, ಬಾಗಲದಾಗ ಹಿಡೀಲಿಲ್ಲ. ಒಲ್ಲೆ ಅಂದ್ರ ಬೀಗರಿಗೆ ಸಿಟ್ಟ. ನಲವತ್ತ ವರ್ಷ ಅಂಗಳದಾಗ ಇತ್ತ. ಕಡೀಕ ಅದರಾಗ ನೀರ ಕಾಸಿ ಎಲ್ಲಾರೂ ಜಳಕಾ ಮಾಡಿದ್ರ."

ಆ ಊರಿನ ಚರಿತ್ರೆಯನ್ನು ಇದಕ್ಕಿಂತ ಚೆನ್ನಾಗಿ ಯಾರಾದರೂ ಹೇಳಿದ್ದನ್ನು ನಾನು ಕೇಳಿಲ್ಲ.

ಮುಂಬಾಗಿಲಿನಲ್ಲಿ ಒಬ್ಬ ಹಳೆಯ ಖಗೋಳ ಪಂಡಿತನ ಕಲ್ಲಿನ ಮೂರ್ತಿ ಕೂತಿದೆ. "ಇಂವಾ ಯಾರ?" ಎಂದು ಆತ್ಯಾ ನಿಂತರು.

"ಸೂರ್ಯಾ ಮುಳುಗೂದಿಲ್ಲ, ಭೂಮೀನ ತಿರಗತೈತಿ ಅಂತ ಹೇಳಿದಾಂವ, ಆತ್ಯಾ."

ಆತ್ಯಾ ಮೂರ್ತಿಯನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. "ರಾತ್ರಿ ಉಣ್ಣಾಂವ ಇರಬೇಕ. ಅದಕ್ಕ ಹಂಗ ಹೇಳ್ಯಾನ."

ಬಸದಿ ಅಲ್ಲವೆಂದು ಅವರಿಗೆ ಅಷ್ಟೊತ್ತಿಗೆ ಗೊತ್ತಾಗಿತ್ತು. "ಹೌದ ಬಿಡ, ಮಾನಸ್ತಂಭ ಅಲ್ಲ" ಎಂದು ಒಪ್ಪಿಕೊಂಡರು. ಹಾಗಾದರೆ ಒಳಗೆ ಹೋಗೋಣವೇ ಎಂದರೆ, "ಎರಡ ಸುತ್ತ ಆಗ್ಯಾವ. ಮೂರನೇದ ಬಿಡಬಾರದ!" ಎಂದು ಮತ್ತೆ ಹೊರಟರು.

ಮೂರನೆಯ ಸುತ್ತು ಮುಗಿದಾಗ ಗಂಟೆ ಮೂರು ದಾಟಿತ್ತು. ಟಿಕೀಟಿನ ಸಾಲಿನಲ್ಲಿ ನಿಂತು ಹೊರಗೆ ನೋಡಿದೆ: ಬಿಸಿಲು ಎದುರಿನ ಕಟ್ಟಡಗಳ ಹಿಂದೆ ಹೋಗಿ, ಬೀದಿಯೆಲ್ಲ ನೀಲಿಯಾಗಿತ್ತು. ಎಪ್ಪತ್ತು ದಾಟಿದ ಜೀವ, ಬೆಳಗಿನಿಂದ ಒಂದು ಲೋಟ ಹಾಲು, ಮುಂದೆ ಹದಿನಾರು ತಾಸಿನ ರಾತ್ರಿ.

"ಆತ್ಯಾ, ಹೊತ್ತ ಮುಳುಗಿತ್ರಿ" ಎಂದೆ, ಅಳುವ ದನಿಯಲ್ಲಿ.

ಆತ್ಯಾ ಲಿಫ್ಟಿನ ಬಾಗಿಲನ್ನು ನೋಡಿದರು, ನನ್ನನ್ನು ನೋಡಿದರು. "ಹುಚ್ಚಿ, ಮಾಳಗಿ ಏರಿ ನೋಡೂನು ನಡಿ."

ಲಿಫ್ಟಿನೊಳಗೆ ಸಣ್ಣ ಸ್ಟೂಲಿನ ಮೇಲೆ, ಮೊಣಕಾಲಿಗೆ ಉಣ್ಣೆಯ ಶಾಲು ಹೊದ್ದ ಒಬ್ಬ ವಯಸ್ಸಾದ ಹೆಂಗಸು ಕೂತು ಗುಂಡಿ ಒತ್ತುತ್ತಿದ್ದಳು. ಆತ್ಯಾ ಅವಳ ಕೈಯಲ್ಲಿ ಒಂದು ತುಂಡು ಕರದಂಟು ಇಟ್ಟು, "ಲಗೂ ಹೊಡಿಯವ್ವಾ" ಎಂದರು ಅಚ್ಚ ಕಲ್ಲೋಳಿ ಕನ್ನಡದಲ್ಲಿ. ಅವಳು ತಲೆಯಾಡಿಸಿದಳು. ಒಲೆಯ ಮೇಲೆ ಹಾಲು ಉಕ್ಕಿ ಬರುವುದರೊಳಗೆ ಮೂವತ್ತು ಮಾಳಗಿ ಏರಿದ್ದೆವು.

ಹೊರಗೆ ಬಂದರೆ ಗಾಳಿ ಮುಖಕ್ಕೆ ಬಡಿಯಿತು. ಕಲ್ಲಿನ ಕಂಬಗಳ ನಡುವೆ ಇಡೀ ನಗರ ಕೆಳಗೆ ಹರಡಿತ್ತು. ಹಿಮದ ಮಾಡುಗಳು, ಬೆಂಕಿಪೆಟ್ಟಿಗೆಯಂಥ ಟ್ರಾಮುಗಳು, ಬೂದು ನದಿ. ಯಾರಿಗೆ ಬೇಕಿತ್ತು ಅದೆಲ್ಲ? ಆತ್ಯಾ ಪಡುವಣದ ಮೂಲೆಗೆ ಓಡಿದರು. ಅಲ್ಲಿದ್ದ ಸೂರ್ಯ! ಕುಂಕುಮದ ಬಟ್ಟಲಿನಂತೆ, ನೆಲದ ಅಂಚಿನಿಂದ ಎರಡು ಬೆರಳು ಮೇಲೆ.

"ಸಿಕ್ಕ! ಡಬ್ಬಿ ತೆಗಿ!"

ನಾನು ಮುಚ್ಚಳ ತೆಗೆದೆ. ಆತ್ಯಾ ಕೈಚೀಲದಿಂದ ನೀರಿನ ಬಾಟಲಿ ತೆಗೆದು ಕೈ ತೊಳೆದರು, ಚಪಾತಿ ಮುರಿದರು, ಚಟ್ನಿ ಹಚ್ಚಿ ತುತ್ತು ಮಾಡಿದರು. ಆ ತುತ್ತು ನೇರ ನನ್ನ ಬಾಯಿಯ ಮುಂದೆ ಬಂದು ನಿಂತಿತು.

"ಬಾಯಿ ತೆಗಿ."

"ಆತ್ಯಾ, ನಂದೇನೈತ್ರಿ! ಹೊತ್ತ ಮುಳುಗಾಕತ್ತೈತಿ, ನೀವು ಉಣ್ರಿ!"

"ಹೊತ್ತ ಮುಳುಗಾಕತ್ತೈತಿ ಅಂತನ ಹೇಳಾಕತ್ತೇನಿ. ಬಾಯಿ ತೆಗಿ."

ತೆಗೆದೆ. ಎರಡನೆಯ ತುತ್ತು ಬಂತು, ಮೂರನೆಯದು ಬಂತು. ಯಜಮಾನರು ಕಂಬದ ಕಡೆ ಮುಖ ತಿರುಗಿಸಿ ನಿಂತಿದ್ದರು. ಫೋನಿನಲ್ಲಿ ಆತ್ಯಾ ಅವರಿಗೆ ಎಲ್ಲ ಹೇಳಿದ್ದು ಅವರೇ ಎಂದು ಆ ಬೆನ್ನು ನೋಡಿಯೇ ತಿಳಿಯಿತು.

"ನಂದೂ ಎರಡ ಹೋಗ್ಯಾವವ್ವಾ, ಹುಕ್ಕೇರ್ಯಾಗ" ಎಂದರು ಆತ್ಯಾ, ಪಲ್ಯ ಮೆತ್ತುತ್ತ, ಬೇರೆ ಯಾರದೋ ಸುದ್ದಿ ಹೇಳುವಂತೆ. "ಆಗ ನನ್ನ ಬಾಯಾಗ ತುತ್ತ ಇಡಾವ್ರ ಯಾರೂ ಇರಲಿಲ್ಲ."

ಅಳುತ್ತ ಉಂಡೆ, ಉಣ್ಣುತ್ತ ಅತ್ತೆ. ಗಾಳಿಗೆ ಕಣ್ಣೀರು ಕೆನ್ನೆಯ ಮೇಲೆ ತಣ್ಣಗಾಗುತ್ತಿತ್ತು. ತುತ್ತು ಮಾತ್ರ ಅವರ ಬೆರಳಿನಿಂದ ಬೆಚ್ಚಗೆ ಬರುತ್ತಿತ್ತು. ಸೂರ್ಯ ಒಂದು ಬೆರಳಾದ, ಒಂದು ಗೆರೆಯಾದ, ಹೋದ.

ಆತ್ಯಾ ಡಬ್ಬಿಯ ಮುಚ್ಚಳ ಹಾಕಿದರು. ಒಳಗೆ ಇನ್ನೂ ಎರಡು ಚಪಾತಿ ಇದ್ದವು. ಅವರು ಒಂದು ತುತ್ತೂ ಉಂಡಿರಲಿಲ್ಲ.

"ಆತ್ಯಾ... ನಿಮ್ಮ ಊಟ?"

"ಮಾನಸ್ತಂಭ ಏರಿ ನಾ ಉಣ್ಣಾಕ ಬರತೈತೇನ, ಹುಚ್ಚಿ?" ಎಂದರು ಮಂಕಿ ಟೋಪಿ ಸರಿಮಾಡಿಕೊಳ್ಳುತ್ತ. "ನೀ ಸಣ್ಣಾಕಿ, ನಡೀತೈತಿ."

ಆ ರಾತ್ರಿ ಅವರು ನೀರನ್ನೂ ಮುಟ್ಟಲಿಲ್ಲ. ಮರುದಿನ ಕತ್ತಲಿರುವಾಗಲೇ ಎದ್ದು, ಚಪಾತಿ ಬೇಯಿಸಿ, ಕಿಟಕಿಯ ಬಳಿ ಎರಡು ತಾಟು ಇಟ್ಟು ಸೂರ್ಯನನ್ನು ಕಾಯುತ್ತ ಕೂತವಳು ನಾನು. ನನಗೆ ಹಸಿವಾಗಿತ್ತು.