ಸೈಟ್ ಇತ್ತ್

ಕುಂದಾಪುರದ ಮನೆಗೆ ಬೀಗ ಹಾಕಿ ಹೊರಟು, ಗ್ಯಾಸ್ ಆಫ್ ಮಾಡಿದೆನೋ ಇಲ್ಲವೋ ಎಂದು ಸಾಸ್ತಾನದಿಂದ ವಾಪಸ್ ಬಂದವನು ನಾನು. ಇಂಥವನ ಕೈಗೆ ವೆಬ್‌ಸೈಟ್ ಕೊಡಬಾರದು. ಆದರೆ ಗಂಗೊಳ್ಳಿಯಲ್ಲಿ ಐಸ್ ಪ್ಲಾಂಟ್ ನೋಡಿಕೊಳ್ಳುವ ನನ್ನ ಹೆಂಡತಿಯ ಅಣ್ಣ, ಮೀನುಗಾರರ ಸಂಘದ ಸಭೆಯಲ್ಲಿ ಎದ್ದು ನಿಂತು, "ನಮ್ ಭಾವ ಮಾಡ್ತ್ರ್" ಎಂದುಬಿಟ್ಟಿದ್ದರು. ನಾನು ಅವರಿಗೆ ಭಾವ, ಅವರು ನನಗೆ ಭಾವ. ಬೆಳಗಿನ ಹರಾಜಿನ ಮೀನಿನ ದರ ತೋರಿಸುವ ಸೈಟು. ಏಳು ಗಂಟೆಗೆ ಊರಿಡೀ ಒಟ್ಟಿಗೇ ಮೊಬೈಲ್ ತೆಗೆಯುತ್ತದೆ. ಆಗ ಸರ್ವರ್ ಮಲಗಿತೋ, ಹೋಗುವುದು ಭಾವನ ಮರ್ಯಾದೆ. ನನ್ನದಾಗಿದ್ದರೆ ಹೇಗೋ ಸುಧಾರಿಸಬಹುದಿತ್ತು.

ಹಾಗಾಗಿ ಉದ್ಘಾಟನೆಗೆ ಮೊದಲು ಸರ್ವರಿನ ತಾಕತ್ತು ಅಳೆಯಲು ಕೂತೆ. ನೂರಾರು ಜನ ಒಟ್ಟಿಗೆ ಬಂದಂತೆ ನಟಿಸುವ ತಂತ್ರಾಂಶ ಸಿಗುತ್ತದೆ. ಅದನ್ನು ಸರ್ವರ್ ಇರುವ ಯಂತ್ರದಲ್ಲೇ ಓಡಿಸಬೇಡಿ, ಲೆಕ್ಕ ಸುಳ್ಳಾಗುತ್ತದೆ. ನಾನು ಮೊದಲು ಹಾಗೇ ಓಡಿಸಿ, ಖುಷಿಯಲ್ಲಿ ಎರಡು ಲೋಟ ಚಹಾ ಕುಡಿದೆ. ಬರೀ ಮುಖಪುಟ ತೆರೆದು ನೋಡಿದರೆ ಸಾಲದು. ಜನ ಬರುವುದು ಬಂಗುಡೆಯ ದರಕ್ಕೆ, ನನ್ನ ಸ್ವಾಗತ ನುಡಿಗಲ್ಲ. ಒಂದೇ ಸಲ ಅಳೆದು ನಂಬಬೇಡಿ. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ. ಇಷ್ಟನ್ನೂ ಪಾಲಿಸಿದೆ, ಆದರೂ ಧೈರ್ಯ ಸಾಲಲಿಲ್ಲ. ಯಂತ್ರದ ಜನ ಬೇರೆ, ಗಂಗೊಳ್ಳಿಯ ಜನ ಬೇರೆ ಅನ್ನಿಸಿತು.

ಮುನ್ನಾದಿನ ಮಧ್ಯಾಹ್ನ ಭಾವ ಐಸ್ ಪ್ಲಾಂಟಿನ ಎದುರು ನಲವತ್ತು ಜನರನ್ನು ಮೊಬೈಲ್ ಸಮೇತ ನಿಲ್ಲಿಸಿದರು. ಸಂಘದ ಅಧ್ಯಕ್ಷರೂ ಬಂದಿದ್ದರು. ನಾನು ಮನೆಯಲ್ಲಿ ಲ್ಯಾಪ್‌ಟಾಪ್ ಮುಂದೆ, ಕಿವಿಗೆ ಫೋನು. "ಹ್ವಾಯ್, ಎಲ್ಲ ಒಟ್ಟಿಗೆ ಒತ್ತಿ!" ಎಂದು ಭಾವ ಕೂಗಿದ್ದು ಕೇಳಿಸಿತು.

"ಭಾವ, ಸೈಟ್ ಏನಾಯ್ತು?"

"ಇತ್ತ್, ಇತ್ತ್!"

ಅಯ್ಯೋ ದೇವರೇ, ಇತ್ತು! ಅಂದರೆ ಈಗಿಲ್ಲ! ತಕ್ಷಣ ಸರ್ವರನ್ನು ರೀಸ್ಟಾರ್ಟ್ ಮಾಡಿದೆ.

"ಹೋಯ್ತಲ್ಲ ಮರಾಯ್ರೆ!" ಭಾವ ಅತ್ತಲಿಂದ ಕೂಗಿದರು. "ಈಗಷ್ಟೇ ಲಾಯ್ಕ್ ಇದ್ದಿತ್!"

ನಾನು ದಾವಣಗೆರೆಯವನು. ಇಲ್ಲಿಯ 'ಇತ್ತ್' ಎಂದರೆ 'ಇದೆ' ಎಂದು ಕಲಿತು ಎಂಟು ವರ್ಷವಾಗಿದೆ. ಮದುವೆಯಾದ ಹೊಸತರಲ್ಲಿ ಅತ್ತೆ "ಸಾರ್ ಇತ್ತ್" ಎಂದಾಗ, ಪಾಪ ಮುಗಿದಿದೆ ಎಂದುಕೊಂಡು ಬರೀ ಅನ್ನ ಉಂಡು ಎದ್ದವನು. ಎಲ್ಲ ಗೊತ್ತು. ಆದರೆ ಗಾಬರಿಯಾದಾಗ ನನ್ನ ಕಿವಿ ದಾವಣಗೆರೆಗೆ ಓಡಿಹೋಗುತ್ತದೆ.

ಎರಡು ನಿಮಿಷದಲ್ಲಿ, ನಾನೇ ಬೀಳಿಸಿದ್ದ ಸೈಟು ಮರಳಿತು. ಅಷ್ಟರಲ್ಲಿ ಭಾವ, "ಬಿದ್ರೂ ಏಳತ್ತ್ ಅಂತ ತೋರ್ಸುಕೆ ನಮ್ ಭಾವ ಬೇಕಂತ್ಲೇ ಬೀಳ್ಸಿದ್ರ್" ಎಂದು ಅಧ್ಯಕ್ಷರನ್ನು ನಂಬಿಸಿಬಿಟ್ಟಿದ್ದರು. ನನಗೆ ನಾಚಿಕೆಯಿಂದ ಅಳುವೇ ಬಂತು. ಹೆಂಡತಿ ಎಲ್ಲ ಕೇಳಿಸಿಕೊಂಡು, "ಸರ್ವರ್‌ಗೆ ಎಂತ ಆಯ್ಲಿಲ್ಲೆ. ನಾಳೆ ನೀವ್ ಸುಮ್ನೆ ಕೂಕಣಿ" ಎಂದಳು.

ಮರುದಿನ ಏಳು ಗಂಟೆಗೆ ಫೋನ್ ಬಡಿದುಕೊಂಡಿತು. ಹಿಂದಿನಿಂದ ಬಂದರಿನ ಗದ್ದಲ, ಚಪ್ಪಾಳೆ. ಭಾವ ಕಿರುಚಿದರು: "ಇತ್ತ್!"

ನನ್ನ ಕೈ ತಾನಾಗಿಯೇ ಮೇಜಿನ ಮೇಲೆ ತಡಕಾಡಿತು. ಹೆಂಡತಿ ಸೊಂಟದ ಬೀಗದ ಕೈ ಮುಟ್ಟಿಕೊಂಡು, ಬೀಗ ಹಾಕಿದ ಕಪಾಟಿನ ಮುಂದೆ ನಿಂತಿದ್ದಳು. ಮೇಜಿನ ಮೇಲೆ ಲ್ಯಾಪ್‌ಟಾಪ್ ಇತ್ತು. ಕುಂದಾಪುರದ 'ಇತ್ತ್' ಅಲ್ಲ, ನಮ್ಮ ದಾವಣಗೆರೆಯ 'ಇತ್ತು'.