ಇನ್ನೊಂದು ಸೌಟು

ದಿನಸಿ ಅಂಗಡಿ ಇಟ್ಟುಕೊಂಡು ಕೂತರೆ ಸಾಕು, ಊರವರ ಹೊಟ್ಟೆಯ ಸುದ್ದಿಯೆಲ್ಲ ತಾನಾಗಿ ಮೆಟ್ಟಿಲು ಹತ್ತಿ ಬರುತ್ತದೆ. ಹೊನ್ನಾವರದಲ್ಲಿ ನನ್ನ ಪಾಲಿಗೆ ಹಾಗೆ ಬಂದವುಗಳಲ್ಲಿ ಕೆಲವಕ್ಕೆ ನಗಬೇಕೋ, ಅಂಗಡಿ ಬಾಗಿಲು ಹಾಕಿಕೊಳ್ಳಬೇಕೋ ಇನ್ನೂ ತಿಳಿದಿಲ್ಲ.

೧. ಗಲಾಟೆ

ಕೆಲವು ವರ್ಷ ಒಂದು ಜೈಲಿಗೆ ಅಕ್ಕಿ, ಬೇಳೆ ಹಾಕುವ ಗುತ್ತಿಗೆ ನನಗಿತ್ತು. ಯಾವ ಊರಿನ ಜೈಲು ಎಂದು ಕೇಳಬೇಡಿ. ಗಿರಾಕಿಯ ಹೆಸರು ಹೇಳಿಕೊಂಡು ತಿರುಗುವ ಅಭ್ಯಾಸ ನನಗಿಲ್ಲ. ಮೊದಲ ಸಲ ಮೂಟೆ ಇಳಿಸಲು ಹೋದಾಗ ಮಧ್ಯಾಹ್ನದ ಊಟದ ಹೊತ್ತು. ಅಂಗಳದಲ್ಲಿ ಸಾಲಾಗಿ ನಲವತ್ತು ಜನ. ನಮ್ಮ ಮನೆಯಲ್ಲಿ ನಾಲ್ಕು ಜನ ಉಣ್ಣಲು ಕೂತರೆ ಉಪ್ಪಿಲ್ಲ, ಹುಳಿ ಹೆಚ್ಚಾಯಿತು, ಹಪ್ಪಳ ಎಲ್ಲಿ ಎಂಬ ಸದ್ದು ಬಸ್‌ಸ್ಟ್ಯಾಂಡಿಗೆ ಕೇಳುತ್ತದೆ. ಇಲ್ಲಿ ಸಾರು ಹೀರುವ ಸದ್ದೂ ಇಲ್ಲ. ಒಬ್ಬನೂ ತನ್ನ ತಟ್ಟೆ ನೋಡುತ್ತಿರಲಿಲ್ಲ. ನಲವತ್ತು ಜೊತೆ ಕಣ್ಣು ಬಡಿಸುವವನ ಸೌಟು ಹೋದತ್ತ ಹೊರಳುತ್ತಿದ್ದವು.

ಸಾಲಿನಲ್ಲಿ ಒಂದು ಪರಿಚಯದ ಮುಖವಿತ್ತು. ಹೊಳೆಯಾಚೆಯ ಕಾಸರಕೋಡಿನ ಬೋಟಿನವನು, ಅವನ ಹೆಂಡತಿ ನಮ್ಮ ಬೀದಿಗೆ ಮೀನು ತರುವವಳು. ಬಂದರಿನ ಹೊಡೆದಾಟವೊಂದರಲ್ಲಿ ಸಿಕ್ಕಿ ಒಳಗಿದ್ದ. ನಾನು ಕೈ ಎತ್ತಿದೆ. ಅವನ ಕಣ್ಣು ನನ್ನನ್ನು ದಾಟಿ ಸೌಟಿನ ಹಿಂದೆ ಹೋಯಿತು.

ಅಡುಗೆಯವನನ್ನು ಮೆಲ್ಲಗೆ ಕೇಳಿದೆ: "ಎಂತ ಮಾರಾಯ, ಒಳಗೆ ಯಾರಾದ್ರೂ ತೀರಿಕೊಂಡಿದ್ದಾರಾ?"

"ಇಲ್ಲ ಸಾವ್ಕಾರ್ರೆ. ಇವತ್ತು ಪಾಯಸ ಅಲ್ವಾ, ಅದಕ್ಕೇ ಸ್ವಲ್ಪ ಗಲಾಟೆ."

೨. ಒಳ್ಳೆಯ ಅಕ್ಕಿ

ನಾನು ಧರ್ಮಾತ್ಮನಲ್ಲ. ಆದರೆ ಒಮ್ಮೆ ಕುಮಟೆಯಿಂದ ಬರಬೇಕಾದ ಮಾಮೂಲಿ ಅಕ್ಕಿ ಬರಲಿಲ್ಲ. ಗುತ್ತಿಗೆ ತಪ್ಪಬಾರದೆಂದು ಮದುವೆ ಮನೆಗೆ ಕೊಡುವ ಅಕ್ಕಿಯನ್ನೇ ಜೈಲಿಗೆ ಕಳಿಸಿದೆ. ಮರುದಿನ ಬೆಳಿಗ್ಗೆಯೇ ಅಡುಗೆಯವನ ಫೋನು.

"ಹಳೇ ಅಕ್ಕಿಯೇ ಕೊಡಿ ಸಾವ್ಕಾರ್ರೆ. ನಿನ್ನೆ ಒಬ್ಬನೂ ಉಣ್ಲಿಲ್ಲ."

"ಎಂತಕ್ಕೆ? ಬೇಯಲಿಲ್ವಾ?"

"ಮಲ್ಲಿಗೆ ಹಾಗೆ ಬೆಂದಿತ್ತು. ಅದೇ ತೊಂದ್ರೆ ಆದದ್ದು. ಇಷ್ಟು ಒಳ್ಳೇ ಊಟ ಹಾಕ್ತಾರೆ ಅಂದ್ರೆ ಇವತ್ತು ಯಾರದ್ದೋ ಕತೆ ಮುಗೀತದೆ ಅಂತ, ತಟ್ಟೆ ಮುಂದಿಟ್ಕೊಂಡು ಒಬ್ರ ಮುಖ ಒಬ್ರು ನೋಡ್ತಾ ಕೂತಿದ್ರು."

ಉಳಿದ ಮೂಟೆಯನ್ನು ವಾಪಸ್ ತರಿಸಿ ಅಂಗಡಿಯಲ್ಲಿಟ್ಟೆ. ಭಟ್ಕಳದಿಂದ ಬರುವ ಹಳೆಯ ಗಿರಾಕಿಯೊಬ್ಬರು ಕಾಳು ಕಚ್ಚಿ ನೋಡುತ್ತಿದ್ದಾಗ, ಜೈಲಿಗೆ ಹೋಗಿ ಬಂದದ್ದು ಎಂದು ಬಾಯಿತಪ್ಪಿ ಹೇಳಿಬಿಟ್ಟೆ. ಕಾಳನ್ನು ಥೂ ಎಂದು ಉಗಿದರು. "ಕಳ್ಳರು ತಿನ್ನುವ ಅಕ್ಕಿಯಾ? ಅದಕ್ಕೇ ವಾಸನೆ!" ಅವರು ಬೇಳೆ ನೋಡುವಷ್ಟರಲ್ಲಿ ಮೂಟೆಯನ್ನು ಎಡಗಡೆಯಿಂದ ಬಲಗಡೆಗೆ ಸರಿಸಿ, "ಹಾಗಾದ್ರೆ ಇದು ನೋಡಿ" ಎಂದೆ.

ಕಚ್ಚಿದರು. ಕಣ್ಣು ಮುಚ್ಚಿ ಅಗಿದರು. "ಹಾಂ! ಇದು ಮನುಷ್ಯರು ತಿನ್ನುವ ಅಕ್ಕಿ."

೩. ಸಾಲಿನ ಕೊನೆಯವಳು

ಕೇಸು ಬಿದ್ದುಹೋಗಿ ಬೋಟಿನವನು ಮನೆಗೆ ಬಂದ. ಹದಿನೈದು ದಿನ ಕಳೆದ ಮೇಲೆ ಅವನ ಹೆಂಡತಿ ಖಾಲಿ ಮೀನುಬುಟ್ಟಿ ಹಿಡಿದು ಅಂಗಡಿಗೆ ಬಂದಳು.

"ಸಾವ್ಕಾರ್ರೆ, ಇವ್ರು ಉಣ್ಣುದಿಲ್ಲ. ಬಂಗಡೆ ಸಾರು ಮಾಡ್ದೆ, ಸಿಗಡಿ ಹುರ್ದೆ. ಒಂದು ಸೌಟು ಅನ್ನ ಉಂಡು ಎದ್ದು ಗೋಡೆಗೆ ಮುಖ ಮಾಡಿ ನಿಲ್ತ್ರು. ಜೈಲಲ್ಲಿ ಇದ್ದದ್ದಕ್ಕಿಂತ ಸೊರಗಿದ್ರು. ಹೀಗೇ ಆದ್ರೆ ಜೀವ ಉಳಿಯುದಿಲ್ಲ. ಒಂದ್ಸಲ ಬಂದು ನೋಡಿ."

"ನಾನೆಂತ ಡಾಕ್ಟ್ರಾ?"

"ಅಲ್ಲ. ಆದ್ರೆ ಅಲ್ಲಿ ಇವ್ರು ಉಂಡದ್ದು ನೋಡಿದವ್ರು ನೀವೊಬ್ರೇ."

ಮರುದಿನ ಮಧ್ಯಾಹ್ನ ಹೋದೆ. ನಮ್ಮಿಬ್ಬರಿಗೂ ಬಡಿಸಿದಳು. ಅವನು ಸೌಟಿನ ಮೇಲೆ ಕಣ್ಣಿಟ್ಟು ಸದ್ದಿಲ್ಲದೆ ಉಂಡ. ನಮ್ಮ ಕಡೆ ಒತ್ತಾಯ ಮಾಡಿ ಬಡಿಸದಿದ್ದರೆ ಅದು ಊಟವೇ ಅಲ್ಲ. "ಇನ್ನೊಂದು ಸೌಟು" ಎಂದು ಅವಳು ಬಗ್ಗಿದ್ದೇ ತಡ, ಅವನು ಎರಡೂ ಕೈಯಲ್ಲಿ ತಟ್ಟೆ ಮುಚ್ಚಿದ, ಎದ್ದ, ಗೋಡೆಗೆ ಮುಖ ಮಾಡಿ ನಿಂತ. ಹಾಡಹಗಲು. ಹೊರಗೆ ಒಣಗಿಸಿದ ಮೀನಿನ ಮೇಲೆ ಕಾಗೆಗಳ ಗದ್ದಲ.

"ಎಂತಾತು ಮಾರಾಯ?"

ಗೋಡೆಗೇ ಹೇಳಿದ: "ಉಂಡವ ಗೋಡೆಗೆ ಮುಖ ಮಾಡಿ ನಿಲ್ಲೂದು ಅಲ್ಲಿಯ ಕ್ರಮ. ಎರಡನೇ ಸೌಟು ಬಿದ್ರೆ ಸಾಲಿನ ಕೊನೆಯವನಿಗೆ ಅನ್ನ ಇಲ್ಲ. ಆಮೇಲೆ ಅವನು ಕೇಳ್ಲಿಕ್ಕೆ ಬರ್ತ."

"ಇಲ್ಲಿ ಎಂತ ಸಾಲು? ಮನೇಲಿ ಇರೂದೇ ಇಬ್ರು. ಕೊನೆಯವಳು ಅಂದ್ರೆ ನಿನ್ನ ಹೆಂಡ್ತಿ."

"ಅದೇ ಮತ್ತೆ. ಬಂದಾಗಿಂದ ಇವಳು ಉಂಡದ್ದು ನಾನು ನೋಡ್ಲಿಲ್ಲ."

ಗಂಡ ಉಂಡೆದ್ದ ಮೇಲೆ ಒಲೆಯ ಬದಿಗೆ ಕೂತು ಉಣ್ಣುವುದು ಅವಳ ರೂಢಿ. ಅವನ ಕಣ್ಣಿಗೆ ಅವಳು ಹದಿನೈದು ದಿನದಿಂದ ಉಪವಾಸ.

"ತಟ್ಟೆ ತಾ, ಅವನ ಎದುರೇ ಕೂತು ಉಣ್ಣು" ಎಂದೆ.

"ಗಂಡಸ್ರ ಎದುರಿಗಾ? ನಂಗೆ ನಾಚಿಕೆ ಆಗ್ತದೆ."

"ನಾಚಿಕೆ ಆದ್ರೆ ನೀನೂ ಗೋಡೆಗೆ ಮುಖ ಮಾಡು."

ಹಾಗೇ ಮಾಡಿದಳು. ಅವನೂ ಪಕ್ಕದಲ್ಲಿ ಕೂತ. ಇಬ್ಬರೂ ಗೋಡೆ ನೋಡುತ್ತ ಉಂಡರು. ಕರೆಸಿಕೊಂಡ ನೆಂಟ ನಾನು; ನನಗೆ ಸಿಕ್ಕಿದ್ದು ಎರಡು ಬೆನ್ನು.

೪. ಯಾವ ಕೇಸು

ವಾರ ಬಿಟ್ಟು ಅವಳು ಮತ್ತೆ ಬಂದಳು, ಈ ಸಲ ಅವಳೇ ಸೊರಗಿದ್ದಳು.

"ಈಗ ಸೌಟು ಅವ್ರ ಕೈಲಿ ಸಾವ್ಕಾರ್ರೆ. ಇಬ್ರಿಗೂ ಒಂದೊಂದೇ ಹಾಕ್ತಿದ್ರು. ಅವ್ರಿಗೆ ಮೈ ಹತ್ಲಿಲ್ಲ, ನಂದು ಇಳೀತು. ಮೊನ್ನೆ ತಡೀಲಿಕ್ಕಾಗ್ದೆ, ಅವ್ರು ಕೈ ತೊಳೀಲಿಕ್ಕೆ ಹೋದಾಗ ಅನ್ನದ ಪಾತ್ರೆಗೆ ಕೈ ಹಾಕ್ದೆ. ತಿರುಗಿ ನೋಡ್ತೆ, ಹಿಂದೆ ನಿಂತಿದ್ರು."

"ಬೈದ್ನಾ?"

"ಇಲ್ಲ. ಮೆಲ್ಲಗೆ, ಗುರ್ತೇ ಇಲ್ಲದವ್ರ ಹಾಗೆ, 'ನೀನು ಯಾವ ಕೇಸಿನ ಮೇಲೆ ಬಂದವಳು?' ಅಂತ ಕೇಳ್ದ್ರು."

ನನ್ನ ಕೈಯಲ್ಲಿದ್ದ ಬೆಲ್ಲ ತಕ್ಕಡಿಗೆ ಹೋಗಲಿಲ್ಲ. "ನಗುತ್ತಾ ಕೇಳ್ದ್ನಾ?"

"ಅದೇ ಗೊತ್ತಾಗ್ಲಿಲ್ಲ. ಹಸಿವೆ ಬೇರೆ. ಕೊಲೆ ಕೇಸು ಅಂದೆ."

"ಅಯ್ಯೋ! ಮತ್ತೆ?"

"ಯಾರನ್ನು ಕೊಂದದ್ದು ಅಂತ ಕೇಳ್ದ್ರು. ಇನ್ನೂ ಕೊಲ್ಲಲಿಲ್ಲ, ಇವತ್ತು ಎರಡನೇ ಸೌಟು ಬೀಳ್ದಿದ್ರೆ ಕೊಲ್ತೆ ಅಂದೆ."

"ಅವನು ಎಂತ ಮಾಡ್ದ?"

"ಸೌಟು ತಕ್ಕೊಂಡ್ರು. ಆಮೇಲೆ ಹಾಕಿದ್ರು, ಇಬ್ರಿಗೂ. ಅಕ್ಕಿ ಹತ್ತು ಕಿಲೋ ಕೊಡಿ ಸಾವ್ಕಾರ್ರೆ. ಹೆದ್ರಿದ ಮನುಷ್ಯ ಈಗ ನಾ ಸಾಕು ಅಂದ್ರೂ ಬಡಿಸೂದು ನಿಲ್ಲಿಸುದಿಲ್ಲ."