ಶೌಚಾಲಯದ ಮಗ್ಗನ್ನು ಯಾವ ವಿಧಾನದಲ್ಲಿ ತಯಾರಿಸತಕ್ಕದ್ದು ಎಂಬ ಬಗ್ಗೆ

ಉಗ್ರಾಣ ಮತ್ತು ಇತರೆ ಶಾಖೆ
ಪ್ಲಾಸ್ಟಿಕ್ ಸಾಮಾನು ಕಾರ್ಖಾನೆ
ಸಂಖ್ಯೆ: ಉಇ/ಮಗ್ಗು/ಹಿಡಿಮುರಿತ/೭

ಸುತ್ತೋಲೆ

ಉಲ್ಲೇಖ: (ಅ) ಶೌಚಾಲಯ ನೋಡಿಕೊಳ್ಳುವ ಅಕ್ಕನವರ ಮೌಖಿಕ ದೂರು.
(ಆ) ಅದೇ ದೂರು, ಸ್ವಲ್ಪ ಜೋರಾಗಿ.

ನೆಲಕ್ಕೆ ಪುಡಿ ಉದುರಿಸಿ, ಉಜ್ಜಿ, ಇನ್ನೇನು ನೀರು ಹೊಯ್ಯಬೇಕು ಎನ್ನುವಷ್ಟರಲ್ಲಿ ಮಗ್ಗಿನ ಹಿಡಿ ಸದರಿ ಅಕ್ಕನವರ ಕೈಯಲ್ಲಿಯೂ, ಮಗ್ಗು ಗುಂಡಿಯಲ್ಲಿಯೂ ಉಳಿದಿರುತ್ತದೆ. ಹೊಸ ಮಗ್ಗು ತಮ್ಮ ವಿಧಾನದಲ್ಲಿಯೇ ಆಗಬೇಕೆಂದು ಐದೂ ವಿಭಾಗಗಳು ಪಟ್ಟು ಹಿಡಿದ ಕಾರಣ, ಅಕ್ಕನವರು ಮನೆಯಿಂದ ಚೊಂಬು ತಂದು ಕೆಲಸ ಸಾಗಿಸುತ್ತಿದ್ದಾರೆ. ಅವರ ಹೇಳಿಕೆಯನ್ನು ಇದ್ದಂತೆಯೇ ದಾಖಲಿಸಲಾಗಿದೆ: "ಅದು ನಮ್ಮತ್ತೆ ತವರಿನ ಚೊಂಬು. ದಿನಾ ಬೆಳಿಗ್ಗೆ ಎಲ್ಲಿ ಹೋಯ್ತು ಅಂತ ಹುಡುಕ್ತಾರೆ. ನಾನೂ ಅವರ ಜೊತೆ ಮಂಚದ ಕೆಳಗೆ ಬಗ್ಗಿ ಹುಡುಕ್ತೀನಿ. ಇಲ್ಲಿ ಏನಕ್ಕೆ ಬಳಸ್ತಿದೀನಿ ಅಂತ ಗೊತ್ತಾದ್ರೆ ನನ್ನನ್ನೂ ನನ್ನ ತವರಿಗೆ ಕಳಿಸ್ತಾರೆ."

ಆದ್ದರಿಂದ ಮಾದರಿಗಳನ್ನು ತರಿಸಿ, ಹೋಲಿಸಿ, ಈ ಕೆಳಕಂಡಂತೆ ಆದೇಶಿಸಲಾಗಿದೆ.

೧. ಬಕೆಟ್ ವಿಭಾಗ. ಇಂಜೆಕ್ಷನ್, ಅಂದರೆ ಕರಗಿದ ಪ್ಲಾಸ್ಟಿಕ್ಕನ್ನು ಅಚ್ಚಿನೊಳಕ್ಕೆ ಒತ್ತಿ ತುಂಬುವುದು. ಹಿಡಿ, ತಳ, ಅಂಚು ಒಂದೇ ಏಟಿಗೆ ಬರುತ್ತವೆ. ಆದರೆ ಅಚ್ಚು ದುಬಾರಿಯಾದ್ದರಿಂದ ಲಕ್ಷ ಮಗ್ಗು ಹೊಡೆಯುವುದಾದರೆ ಮಾತ್ರ ಯಂತ್ರ ಮುಟ್ಟುವುದಾಗಿ ತಿಳಿಸಿರುತ್ತಾರೆ. ಅಷ್ಟು ಮಗ್ಗಿಗೆ ತಕ್ಕಷ್ಟು ಶೌಚಾಲಯ ಕಟ್ಟಿಸುವ ಪ್ರಸ್ತಾವನೆ ಪರಿಶೀಲನೆಯಲ್ಲಿದೆ.

೨. ಬಾಟಲಿ ವಿಭಾಗ. ಬಿಸಿ ಕೊಳವೆಗೆ ಗಾಳಿ ಊದಿ ಅಚ್ಚಿನೊಳಗೆ ಉಬ್ಬಿಸುವುದು. ಮಾದರಿ ಹಗುರವಾಗಿದೆ, ಬಾಯಿ ಮಾತ್ರ ಹೆಬ್ಬೆರಳಿನಷ್ಟಿದೆ. ನೀರು ಗುಳುಗುಳು ಎನ್ನುತ್ತ ಹೊರಬರಲು ಹೊತ್ತು ಹಿಡಿಯುವುದರಿಂದ, ಬಳಸುವವರು ಅಗತ್ಯ ಬೀಳುವುದಕ್ಕೆ ಮುಂಚಿತವಾಗಿಯೇ ಸುರಿಯಲಾರಂಭಿಸತಕ್ಕದ್ದು.

೩. ಪೈಪ್ ವಿಭಾಗ. ಎಕ್ಸ್‌ಟ್ರೂಷನ್, ಅಂದರೆ ಪೇಸ್ಟ್ ಹಿಂಡಿದ ಹಾಗೆ ಒಂದೇ ಸಮನೆ ಹೊರಕ್ಕೆ ತಳ್ಳುವುದು. ಬೇಕಾದ ಉದ್ದಕ್ಕೆ ಕತ್ತರಿಸಿಕೊಳ್ಳಬಹುದು. ತಳವಿರುವುದಿಲ್ಲ. ಅಂಗೈ ಒಡ್ಡಲು ಪಾಳಿಗೊಬ್ಬರನ್ನು ನೇಮಿಸತಕ್ಕದ್ದು. ಇವರ ಕೊಳವೆಯನ್ನೂ ಬಾಟಲಿಯವರ ತಳವನ್ನೂ ಬೆಸೆದುಬಿಡಿ ಎಂಬ ಸಲಹೆ ನೀಡಲಾಗಿತ್ತು. ಸದರಿ ಎರಡು ವಿಭಾಗಗಳ ಮುಖ್ಯಸ್ಥರೂ ಷಡ್ಡಕರಾಗಿದ್ದು, ಮನೆಯಲ್ಲಿ ಕೇಳಿ ಬರುತ್ತೇವೆಂದು ಹೋದವರು ಅಂದಿನಿಂದ ಪರಸ್ಪರ ಮಾತು ಬಿಟ್ಟಿರುತ್ತಾರೆ.

೪. ಟ್ಯಾಂಕ್ ವಿಭಾಗ. ಪುಡಿ ತುಂಬಿದ ಅಚ್ಚನ್ನು ಒಲೆಯಲ್ಲಿ ತಿರುಗಿಸುತ್ತ ಬೇಯಿಸುವುದು. ಬೆಸುಗೆಯಿಲ್ಲ, ಸೋರುವುದಿಲ್ಲ. ಚಿಕ್ಕದು ಮಾಡುವ ಅಭ್ಯಾಸ ಮಾತ್ರ ಇವರಿಗಿಲ್ಲ. ಈ ಮಗ್ಗಿನೊಳಕ್ಕೆ ಇಳಿಯುವವರು ಚಪ್ಪಲಿ ಹೊರಗೆ ಬಿಡತಕ್ಕದ್ದು. ಒಳಗಿನಿಂದ ಹಾಜರಿ ಕೂಗಿದಲ್ಲಿ ಪ್ರತಿಧ್ವನಿಯನ್ನು ಎರಡನೆಯ ಹಾಜರಿಯೆಂದು ಪರಿಗಣಿಸಲಾಗದು.

೫. ಟ್ರೇ ವಿಭಾಗ. ಬಿಸಿ ಹಾಳೆಯನ್ನು ಅಚ್ಚಿನ ಮೇಲೆ ಹೀರಿ ಕೂರಿಸುವುದು. ಅಗ್ಗ, ಬೇಗ. ನೀರು ತುಂಬಿ ಎತ್ತಿದರೆ ಮುದುರಿಕೊಳ್ಳುತ್ತದೆ. ಆದಕಾರಣ ಈ ಮಗ್ಗನ್ನು ನೀರಿನಿಂದ ದೂರವಿಟ್ಟು ಬಳಸುವಂತೆ ಈ ಮೂಲಕ ಸೂಚಿಸಲಾಗಿದೆ.

೬. ಐದೂ ವಿಧಾನಗಳು ಒಂದಕ್ಕಿಂತ ಒಂದು ಶ್ರೇಷ್ಠವೆಂದು ತೀರ್ಮಾನಿಸಲಾಗಿದೆ. ಯಾರೂ ಮುಖ ಊದಿಸಿಕೊಳ್ಳತಕ್ಕದ್ದಲ್ಲ. ಬಾಟಲಿ ವಿಭಾಗಕ್ಕೆ ವಿನಾಯಿತಿ ಇದೆ.

೭. ಒಂದು ತಗಡಿನ ಮಗ್ಗು ಮಾಡಿಕೊಡಿರೆಂದು ಎದುರು ರಸ್ತೆಯ ತಗಡಿನ ಕೆಲಸದವರಿಗೆ ಬರೆದ ಪತ್ರ, ಹಿಡಿ ಕಿತ್ತ ದಿನವೇ ಸಿದ್ಧವಾಗಿತ್ತು. ಅದನ್ನು ಕಳಿಸಲು ಟ್ರೇಯವರ ಹಾಳೆಯಲ್ಲಿ ಸುತ್ತಬೇಕೋ, ಪೈಪಿನಲ್ಲಿ ತುರುಕಬೇಕೋ, ಬಾಟಲಿಗೆ ಇಳಿಸಬೇಕೋ ಎಂಬುದು ಬಗೆಹರಿಯದೆ ಮೇಜಿನ ಮೇಲೆಯೇ ಉಳಿದಿತ್ತು. ಟ್ಯಾಂಕಿನಲ್ಲಿ ಹಾಕಿದ ಪ್ರತಿಯನ್ನು ಇನ್ನೂ ಹುಡುಕಲಾಗುತ್ತಿದೆ.

೮. ತಗಡಿನ ಮಗ್ಗು ಕೈಸೇರುವವರೆಗೆ ಐವರು ಮುಖ್ಯಸ್ಥರೂ ಸರದಿಯಂತೆ, ತಮ್ಮ ತಮ್ಮ ಮಾದರಿಯಲ್ಲಿಯೇ ನೀರು ಹೊತ್ತು, ಶೌಚಾಲಯ ತೊಳೆಯತಕ್ಕದ್ದು. ಚೊಂಬು ಇಂದಿನಿಂದ ಕರ್ತವ್ಯಮುಕ್ತವಾಗಿದೆ.

ಸಹಿ/-
ಮೇಲ್ವಿಚಾರಕಿ
ಉಗ್ರಾಣ ಮತ್ತು ಇತರೆ ಶಾಖೆ

ಪ್ರತಿಗಳು:
೧. ಐವರು ಮುಖ್ಯಸ್ಥರಿಗೆ, ತಲಾ ಒಂದು ಪೊರಕೆಯೊಂದಿಗೆ.
೨. ಷಡ್ಡಕರ ಮನೆಯವರಿಗೆ, ಇನ್ನಾದರೂ ಮಾತಾಡಿಸಿರೆಂಬ ಕೋರಿಕೆಯೊಂದಿಗೆ.
೩. ಅಕ್ಕನವರ ಅತ್ತೆಯವರಿಗೆ ಪ್ರತಿ ಇಲ್ಲ. ಚೊಂಬು ಮಾತ್ರ, ಹುಣಿಸೆಹಣ್ಣಿನಲ್ಲಿ ಮೂರು ಸಲ ತಿಕ್ಕಿದ ನಂತರ, ಮಂಚದ ಕೆಳಗೆ.
೪. ತಗಡಿನ ಕೆಲಸದವರಿಗೆ, ಮೂಲ ಪತ್ರ. ಯಾವುದರಲ್ಲೂ ಸುತ್ತದೆ, ನಾಲ್ಕು ಮಡಿಕೆ ಮಾಡಿ, ಅಕ್ಕನವರ ಕೈಯಲ್ಲಿ ಈಗಷ್ಟೇ ಕಳಿಸಲಾಗಿದೆ.